ಸ್ಯಾಂಡ್ ಬ್ಯಾಗಿಗೆ ಏನು ತುಂಬೋದು? ಮರಳು, ಜಲ್ಲಿ, ಸ್ಟೀಲ್ ಗುಂಡು, ಸೀಸ

"ಚೀಲ ಹೊಲಿಸಿದ್ದಾಯ್ತು. ಒಳಗೆ ಏನ್ ಹಾಕ್ಲಿ?"

ಕಿರುಚಿತ್ರ ಮಾಡುವ ಹುಡುಗರಿಂದ ತಿಂಗಳಿಗೊಮ್ಮೆಯಾದರೂ ಈ ಫೋನ್ ಬರುತ್ತದೆ. ಬೆಂಗಳೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಲೈಟು, ಸ್ಟ್ಯಾಂಡು, ಬೆಳಕು ತಡೆಯುವ ಕಟರ್, ಬೆಳಕನ್ನು ತಿರುಗಿಸಿ ಹಾಯಿಸುವ ಥರ್ಮಾಕೋಲ್ ಹಲಗೆ ಎಲ್ಲ ಬಾಡಿಗೆಗೆ ಕೊಡುತ್ತೇನೆ. ಅವುಗಳ ಜೊತೆ, ಸ್ಟ್ಯಾಂಡ್ ಉರುಳದ ಹಾಗೆ ಅದರ ಕಾಲಿನ ಮೇಲೆ ಹೇರುವ ಚೀಲವೂ ಹೋಗುತ್ತದೆ. ಲೈಟು ಕೆಟ್ಟು ವಾಪಸ್ ಬಂದದ್ದಕ್ಕಿಂತ ಚೀಲ ಸೋರಿ ವಾಪಸ್ ಬಂದದ್ದೇ ಜಾಸ್ತಿ. ಹಾಗಾಗಿ ಈ ವಿಷಯದಲ್ಲಿ ನನಗೆ ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತು ಅನ್ನಿ.

ಫೋನಿನಲ್ಲಿ ನಾನು ಹೇಳುವ ಉತ್ತರ ಚಿಕ್ಕದು. ತೊಳೆದು, ಪೂರ್ತಿ ಒಣಗಿಸಿದ ಮರಳು ತುಂಬಿ. ಮಲೆನಾಡಿನ ಮಳೆಯಲ್ಲಿ ಶೂಟಿಂಗ್ ಇದ್ದರೆ 6 ಎಂಎಂ ಜಲ್ಲಿ. ಜಾಗ ಇಕ್ಕಟ್ಟಾಗಿದ್ದರೆ ಒಂದೆರಡು ಸ್ಟೀಲ್ ಗುಂಡಿನ ಚೀಲ. ಸೀಸ ಬೇಡವೇ ಬೇಡ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಕೇಳುವವರಿಗೆ ಮುಂದಿನದು.

ಚೀಲದ ಕೆಲಸ ಏನು ಅಂತ ಮೊದಲು

ಹಿಂದೆ ಕತ್ತೆ, ಎತ್ತುಗಳ ಬೆನ್ನಿನ ಮೇಲೆ ಹೇರು ಹಾಕುತ್ತಿದ್ದರಲ್ಲ, ಎರಡೂ ಕಡೆ ಜೋಲುವ ಹಾಗೆ? ನಮ್ಮ ಚೀಲವೂ ಅದೇ. ಎರಡು ಹೊಟ್ಟೆ, ನಡುವೆ ಒಂದು ಹಿಡಿ. ಸ್ಟ್ಯಾಂಡಿನ ಕಾಲಿನ ಮೇಲೆ ಹಾಕಿದರೆ ಎರಡೂ ಕಡೆ ಸಮನಾಗಿ ಇಳಿಬೀಳಬೇಕು. ಇಳಿಬೀಳಬೇಕು ಅಂದರೆ ಒಳಗಿನದ್ದು ಹರಿಯಬೇಕು. ಅದಕ್ಕೇ ಇಟ್ಟಿಗೆ, ಕಬ್ಬಿಣದ ತುಂಡು ತುಂಬಿದ ಚೀಲ ಎಷ್ಟೇ ಭಾರ ಇದ್ದರೂ ಪ್ರಯೋಜನ ಇಲ್ಲ. ಕಾಲಿನ ಮೇಲೆ ಕೂರುವುದಿಲ್ಲ, ಜಾರಿ ಬೀಳುತ್ತದೆ.

ತುಂಬುವ ವಸ್ತುವಿನಲ್ಲಿ ನಾನು ನೋಡುವುದು ನಾಲ್ಕು ವಿಷಯ. ಎಷ್ಟು ಜಾಗದಲ್ಲಿ ಎಷ್ಟು ತೂಕ ಕೂರುತ್ತದೆ? ಒದ್ದೆಯಾದರೆ ಏನಾಗುತ್ತದೆ? ಹೊಲಿಗೆ ಬಿಟ್ಟರೆ ಏನು ಹೊರಗೆ ಬರುತ್ತದೆ? ಅದನ್ನು ದಿನಕ್ಕೆ ಐವತ್ತು ಸಲ ಎತ್ತಿ ಇಡುವ ಲೈಟ್ ಬಾಯ್‌ಗೆ ಏನಾಗುತ್ತದೆ? ಹೊಸಬರು ಮೊದಲನೆಯದನ್ನು ಮಾತ್ರ ಕೇಳುತ್ತಾರೆ. ತಲೆನೋವು ಕೊಡುವುದು ಉಳಿದ ಮೂರು.

ಮೊದಲನೆಯದರ ಲೆಕ್ಕ ಇಲ್ಲೇ ಮುಗಿಸಿಬಿಡೋಣ. 10 ಕಿಲೋ ತೂಕಕ್ಕೆ ಬೇಕಾಗುವ ಜಾಗ ಹೆಚ್ಚುಕಡಿಮೆ ಹೀಗಿದೆ:

- ಸೀಸದ ಗುಂಡು: ಒಂದೂವರೆ ಲೀಟರ್
- ಸ್ಟೀಲ್ ಗುಂಡು: ಎರಡೂಕಾಲು ಲೀಟರ್
- ಒಣ ಮರಳು: ಆರೂಕಾಲು ಲೀಟರ್
- 6 ಎಂಎಂ ಜಲ್ಲಿ: ಸುಮಾರು ಏಳು ಲೀಟರ್
- ನೀರು: ಹತ್ತು ಲೀಟರ್
- ಅಕ್ಕಿ: ಹನ್ನೆರಡು ಲೀಟರಿಗೂ ಮೇಲೆ

ಅಂದರೆ ಮರಳಿನ ಚೀಲ ಒಂದು ಸಣ್ಣ ದಿಂಬಿನಷ್ಟಾದರೆ, ಅದೇ ತೂಕದ ಸ್ಟೀಲ್ ಚೀಲ ಊಟದ ಡಬ್ಬಿಯಷ್ಟು.

ಮರಳು: ಯಾವ ಮರಳು?

ಎಲ್ಲರೂ ಸ್ಯಾಂಡ್ ಬ್ಯಾಗ್ ಅನ್ನುತ್ತಾರೆ, ಯಾವ ಸ್ಯಾಂಡ್ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು. ಮರಳಿನಿಂದ ಮರಳಿಗೆ ತುಂಬಾ ವ್ಯತ್ಯಾಸ ಇದೆ.

ಹೊಳೆ ಮರಳು ಒಳ್ಳೆಯದು. ನೀರಿನಲ್ಲಿ ಉರುಳಿ ಉರುಳಿ ಕಾಳು ಗುಂಡಗಾಗಿರುತ್ತದೆ. ಚೀಲದೊಳಗೆ ಸಲೀಸಾಗಿ ಹರಿಯುತ್ತದೆ, ಬಟ್ಟೆಯನ್ನು ಅಷ್ಟಾಗಿ ಸವೆಸುವುದಿಲ್ಲ. ಆದರೆ ನದಿ ಮರಳಿನ ಕಥೆ ನಿಮಗೆ ಗೊತ್ತೇ ಇದೆ. ಈಗ ಪಕ್ಕದ ಬೀದಿಯಲ್ಲಿ ಕಟ್ಟುತ್ತಿರುವ ಮನೆ ಮುಂದೆ ರಾಶಿ ಬಿದ್ದಿರುವುದು ಹೆಚ್ಚಾಗಿ ಎಂ-ಸ್ಯಾಂಡ್. ಕಲ್ಲು ಪುಡಿ ಮಾಡಿ ತೆಗೆದ ಮರಳು. ಅದರ ಕಾಳಿಗೆ ಮೂಲೆಗಳಿರುತ್ತವೆ, ಜೊತೆಗೆ ಹಿಟ್ಟಿನಂಥ ಕಲ್ಲಿನ ಪುಡಿ ಇರುತ್ತದೆ. ಹಾಗೇ ತುಂಬಿದ ಚೀಲವನ್ನು ನೆಲಕ್ಕೆ ಇಟ್ಟು ನೋಡಿ. ಪ್ರತಿ ಸಲವೂ ಹೊಲಿಗೆಯ ತೂತುಗಳಿಂದ ಭುಸ್ ಅಂತ ಒಂದು ಉಸಿರು ಬಿಳಿ ಧೂಳು ಬಿಡುತ್ತದೆ. ಕ್ಯಾಮೆರಾ ಅಸಿಸ್ಟೆಂಟ್ ಲೆನ್ಸ್ ಬದಲಾಯಿಸುತ್ತಿರುವಾಗ ಪಕ್ಕದಲ್ಲಿ ಇಂಥ ಚೀಲ ಎಸೆದರೆ ಬೈಗುಳ ಖಾತ್ರಿ. ಬೈದದ್ದು ನ್ಯಾಯವೂ ಹೌದು. ಆ ಧೂಳು ಲೆನ್ಸಿಗೂ ಒಳ್ಳೆಯದಲ್ಲ, ಎದೆಗೂ ಒಳ್ಳೆಯದಲ್ಲ.

ಗಾರೆಗೆ ಬಳಸುವ ಪಿ-ಸ್ಯಾಂಡ್ ಇನ್ನೂ ನುಣ್ಣನೆಯ ಪುಡಿ. ಅದನ್ನು ಮುಟ್ಟಲೇಬೇಡಿ.

ಎಂ-ಸ್ಯಾಂಡೇ ಗತಿ ಅಂದರೆ ತೊಳೆಯಿರಿ. ಬಕೆಟ್ಟಿಗೆ ಅರ್ಧ ಮರಳು, ಮೇಲೆ ನೀರು, ಕೈಯಾಡಿಸಿ ಚೆಲ್ಲಿ. ಅಕ್ಕಿ ತೊಳೆದ ಹಾಗೆ. ನೀರು ತಿಳಿಯಾಗುವವರೆಗೆ ಐದಾರು ಸಲ. ಮರಳು ಚೆನ್ನಾಗಿದೆಯೋ ಇಲ್ಲವೋ ಅಂತ ಮೊದಲೇ ತಿಳಿಯಲು ಮೇಸ್ತ್ರಿಗಳು ಒಂದು ಉಪಾಯ ಮಾಡುತ್ತಾರೆ. ಗಾಜಿನ ಬಾಟಲಿಗೆ ಅರ್ಧದಷ್ಟು ಮರಳು, ಮುಕ್ಕಾಲಿನವರೆಗೆ ನೀರು ಹಾಕಿ ಜೋರಾಗಿ ಕುಲುಕಿ ಇಟ್ಟುಬಿಡುವುದು. ಕೆಲವು ಗಂಟೆ ಬಿಟ್ಟು ನೋಡಿದರೆ ಮರಳಿನ ಮೇಲೆ ಮಣ್ಣಿನ ಬೇರೆ ಪದರ ಕೂತಿರುತ್ತದೆ. ಕಟ್ಟಡದವರು ಅದು 8 ಪರ್ಸೆಂಟ್ ದಾಟಬಾರದು ಅನ್ನುತ್ತಾರೆ. ನಮಗೆ ಅದೂ ಜಾಸ್ತಿಯೇ. ಪದರ ಕಣ್ಣಿಗೆ ಕಂಡರೆ ತೊಳೆಯಿರಿ ಅಷ್ಟೇ.

ತೊಳೆಯುವ ರಗಳೆ ಬೇಡವಾದರೆ ಇನ್ನೊಂದು ದಾರಿ ಇದೆ. ಈಜುಕೊಳದ ಫಿಲ್ಟರಿಗೆ ಹಾಕುವ ಮರಳು. ಮೊದಲೇ ತೊಳೆದು, ಒಂದೇ ಗಾತ್ರಕ್ಕೆ ಜರಡಿ ಹಿಡಿದು, ಒಣಗಿಸಿ ಮೂಟೆಯಲ್ಲಿ ಮಾರುತ್ತಾರೆ. ಕಟ್ಟಡದ ಮರಳಿಗಿಂತ ದುಬಾರಿ. ಆದರೆ ಹತ್ತು ಚೀಲಕ್ಕೆ ಬೇಕಾಗುವುದು 100 ಕಿಲೋ, ಹೆಚ್ಚು ಅಂದರೆ ಎರಡು ಸಿಮೆಂಟ್ ಚೀಲದಷ್ಟು. ಚೀಲ ಹೊಲಿಸಿದ ಖರ್ಚಿನ ಮುಂದೆ ಅದೇನೂ ದೊಡ್ಡದಲ್ಲ. ನಾನು ಈಗ ಹೊಸ ಚೀಲಗಳಿಗೆ ಇದನ್ನೇ ತುಂಬುತ್ತಿದ್ದೇನೆ.

ಸಮುದ್ರದ ಮರಳಿನಲ್ಲಿ ಉಪ್ಪಿದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜಿಪ್ಪು, ಸ್ಟ್ಯಾಂಡಿನ ಕಾಲು ಎರಡಕ್ಕೂ ತುಕ್ಕು. ಮಲ್ಪೆಯಲ್ಲೋ ಕಾರವಾರದಲ್ಲೋ ಎರಡು ದಿನದ ಕೆಲಸಕ್ಕೆ ಹೋದರೆ ಖಾಲಿ ಚೀಲ ಒಯ್ದು ಅಲ್ಲೇ ತುಂಬಿಕೊಳ್ಳಿ, ತಪ್ಪಿಲ್ಲ. ಹೊರಡುವಾಗ ಮರಳನ್ನು ಅಲ್ಲೇ ಸುರಿದು, ಚೀಲವನ್ನು ಸಿಹಿನೀರಿನಲ್ಲಿ ಅದ್ದಿ ತೊಳೆದು ತನ್ನಿ.

ಒಣಗಿಸುವುದರಲ್ಲಿ ನಾನು ಎಡವಿದ್ದು

ನನ್ನ ಮೊದಲ ಹನ್ನೆರಡು ಚೀಲ ತುಂಬಿದ್ದು ಆಗಸ್ಟಿನಲ್ಲಿ. ತಾರಸಿ ಮೇಲೆ ಟಾರ್ಪಾಲಿನ್ ಹಾಸಿ ಮರಳು ಹರಡಿದ್ದೆ. ಮಧ್ಯಾಹ್ನ ಮುಟ್ಟಿ ನೋಡಿದರೆ ಮೇಲ್ಗಡೆ ಬೆಚ್ಚಗೆ, ಒಣಗಿದ ಹಾಗೇ ಇತ್ತು. ಸಂಜೆ ಪ್ಲಾಸ್ಟಿಕ್ ಕವರಿಗೆ ತುಂಬಿ, ಗಂಟು ಹಾಕಿ, ಚೀಲದೊಳಗೆ ಸೇರಿಸಿಬಿಟ್ಟೆ. ತಿಂಗಳು ಬಿಟ್ಟು ಗೋಡೌನಿನ ಬಾಗಿಲು ತೆರೆದರೆ ಮುಗ್ಗಲು ವಾಸನೆ. ಕವರಿನ ಒಳಗೋಡೆಯ ಮೇಲೆಲ್ಲ ನೀರಿನ ಹನಿ. ಎರಡು ಕವರ್ ಒಡೆದು ಚೀಲದ ಬಟ್ಟೆ ಮೇಲೆ ಕಪ್ಪು ಬೂಸಲು ಹಿಡಿದಿತ್ತು. ಮರಳು ಮೇಲೆ ಒಣಗಿ ಅಡಿಯಲ್ಲಿ ಹಸಿ ಇರುತ್ತದೆ ಅನ್ನುವುದು ಆಗ ತಿಳಿಯಿತು.

ಈಗ ಬೇಸಿಗೆಯಲ್ಲೇ ಒಣಗಿಸಿಡುತ್ತೇನೆ. ಎರಡು ಬೆರಳಿಗಿಂತ ದಪ್ಪ ಹರಡುವುದಿಲ್ಲ, ಎರಡು ದಿನ, ದಿನಕ್ಕೆ ಮೂರು ಸಲ ಕೆದಕುತ್ತೇನೆ. ಅಂಗೈಯಲ್ಲಿ ಹಿಡಿದು ಬಿಗಿಯಾಗಿ ಮುಷ್ಟಿ ಕಟ್ಟಿ ಬಿಟ್ಟರೆ ಉಂಡೆ ನಿಲ್ಲಬಾರದು, ಬೆರಳ ಸಂದಿನಿಂದ ಪೂರ್ತಿ ಸೋರಿ ಹೋಗಬೇಕು. ಮಳೆಗಾಲದಲ್ಲಿ ಅರ್ಜೆಂಟಾಗಿ ಬೇಕಾದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಯವರು ಮರಳು ಕಾಯಿಸುತ್ತಾರಲ್ಲ, ಹಾಗೆ ಕಬ್ಬಿಣದ ಬಾಂಡ್ಲಿಯಲ್ಲಿ ಹುರಿಯಿರಿ. ಪೂರ್ತಿ ಆರುವವರೆಗೆ ಕಾಯಿರಿ. ಬಿಸಿ ಮರಳು ಕವರಿಗೆ ಸುರಿದರೆ ಕವರ್ ಕರಗುತ್ತದೆ.

ಒಳಗೆ ದಪ್ಪ ಪ್ಲಾಸ್ಟಿಕ್ ಕವರ್ ಎರಡು ಪದರ ಇರಲೇಬೇಕು. ಒಂದರ ಗಂಟು ಮೇಲೆ, ಇನ್ನೊಂದರದು ಕೆಳಗೆ. ಕವರ್ ಇಲ್ಲದ ಬಟ್ಟೆ ಚೀಲ ಮಳೆಯಲ್ಲಿ ನೆಂದರೆ 10 ಕಿಲೋ ಇದ್ದದ್ದು 12 ದಾಟುತ್ತದೆ. ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಕೆಸರಿನಲ್ಲಿ ನಡೆಯುವವನಿಗೆ ಆ ನಾಲ್ಕೈದು ಕಿಲೋ ಸುಮ್ನೆ ಅಲ್ಲ.

ಇನ್ನು ಹೊಲಿಗೆ ಬಿಟ್ಟ ಕಥೆ. ಹಳೆಯ ಮನೆಯೊಂದರಲ್ಲಿ ಶೂಟಿಂಗ್ ಇತ್ತು. ಕೆಂಪು ಗಾರೆ ನೆಲ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಮ್ಮ ಒಂದು ಚೀಲದ ಮೂಲೆಯಿಂದ ಮರಳು ಸಣ್ಣಗೆ ಸುರಿಯುತ್ತಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಮೂವತ್ತು ಜನ ಅದರ ಮೇಲೇ ಓಡಾಡಿದರು. ಸಂಜೆ ಗುಡಿಸಿದ ಮೇಲೆ ನೋಡಿದರೆ ನಡುಮನೆಯಿಂದ ಅಡುಗೆಮನೆಯವರೆಗೆ ಗೀರು. ಅಡ್ವಾನ್ಸ್ ಹೋಯಿತು. ತಪ್ಪು ನಮ್ಮದೇ, ಜಗಳ ಆಡುವ ಹಾಗೂ ಇರಲಿಲ್ಲ. ಒಳಾಂಗಣಕ್ಕೆ ಕೊಡುವ ಚೀಲಗಳನ್ನು ಅವತ್ತಿನಿಂದ ಹಿಂದಿನ ರಾತ್ರಿ ಬಿಳಿ ಬೆಡ್‌ಶೀಟಿನ ಮೇಲೆ ಕುಕ್ಕಿ ಕುಕ್ಕಿ ನೋಡಿಯೇ ಕಳಿಸುತ್ತೇನೆ.

ಜಲ್ಲಿ: ಮಳೆಗಾಲದ ಗೆಳೆಯ

ಜಲ್ಲಿ ಅಂದಕೂಡಲೇ 20 ಎಂಎಂದು ನೆನಪಿಗೆ ಬರುತ್ತದೆ. ಅದಲ್ಲ. ಚೀಲಕ್ಕೆ ಬೇಕಾದ್ದು 6 ಎಂಎಂ, ಕಡಲೆಕಾಳಿನಷ್ಟು ದಪ್ಪದ್ದು. ಅಂಗಡಿಯಲ್ಲಿ ಬೇಬಿ ಜಲ್ಲಿ ಅನ್ನಿ, ಕೊಡುತ್ತಾರೆ. ಅಕ್ವೇರಿಯಂಗೆ ಹಾಕುವ ಗುಂಡು ಕಲ್ಲು ಸಿಕ್ಕರೆ ಇನ್ನೂ ಚೆನ್ನ, ಮೂಲೆ ಇರುವುದಿಲ್ಲ.

ಜಲ್ಲಿಯ ದೊಡ್ಡ ಗುಣ, ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಆಗುಂಬೆ, ಸಕಲೇಶಪುರದ ಕಡೆ ಜುಲೈನಲ್ಲಿ ಹೋದವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಪ್ಲಾಸ್ಟಿಕ್ ಕವರು ಎಲ್ಲೋ ಒಂದು ಕಡೆ ಒಡೆದೇ ಒಡೆಯುತ್ತದೆ, ಮರಳು ನೀರು ಕುಡಿದು ಕೂರುತ್ತದೆ, ವಾರವಾದರೂ ಒಣಗುವುದಿಲ್ಲ. ಜಲ್ಲಿಗೆ ಕವರೇ ಬೇಡ. ಬಲೆಯಂಥ ಬಟ್ಟೆಯ ಒಳಚೀಲದಲ್ಲಿ ತುಂಬಿ. ನೀರು ಮೇಲಿಂದ ಬಂದು ಕೆಳಗೆ ಹೋಗುತ್ತದೆ. ರಾತ್ರಿ ನೇತುಹಾಕಿದರೆ ಬೆಳಗ್ಗೆ ಮತ್ತೆ ತಯಾರು. ಹೊಲಿಗೆ ಸಣ್ಣಗೆ ಬಿಟ್ಟರೂ ಏನೂ ಸೋರುವುದಿಲ್ಲ. ಸೋರಿದರೂ ಹೆಕ್ಕಬಹುದು.

ಕೆಟ್ಟ ಗುಣ ಸದ್ದು. ಮರಳಿನ ಚೀಲ ನೆಲಕ್ಕೆ ಬಿದ್ದರೆ ದಪ್ ಅನ್ನುತ್ತದೆ. ಜಲ್ಲಿಯ ಚೀಲ ಝಲ್ ಅನ್ನುತ್ತದೆ. ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಜೊತೆಗೇ ಮಾತೂ ರೆಕಾರ್ಡ್ ಆಗುವ ಸೆಟ್ಟಿನಲ್ಲಿ ರೋಲ್ ಅಂದಮೇಲೆ ಯಾರಾದರೂ ಚೀಲ ಸರಿಸಿದರೆ ಟೇಕ್ ಹೋಯಿತು. ಡಬ್ಬಿಂಗ್ ಮಾಡುವುದಾದರೆ ಚಿಂತೆ ಇಲ್ಲ. ಇನ್ನೊಂದು, ತೊಳೆಯದೆ ತುಂಬಬೇಡಿ. ಕ್ವಾರಿಯಿಂದ ಬಂದ ಜಲ್ಲಿಗೆ ಮೈತುಂಬ ಕಲ್ಲಿನ ಪುಡಿ ಮೆತ್ತಿರುತ್ತದೆ.

ಸ್ಟೀಲ್ ಗುಂಡು: ಎರಡಿದ್ದರೆ ಸಾಕು

ಅಮೆರಿಕದಲ್ಲಿ ಇದಕ್ಕೆ ಶಾಟ್ ಬ್ಯಾಗ್ ಅಂತಲೇ ಹೆಸರು. 25 ಪೌಂಡಿನ, ಅಂದರೆ 11 ಕಿಲೋಗೆ ಸ್ವಲ್ಪ ಮೇಲಿರುವ ಚೀಲ ಅಲ್ಲಿ ಮಾಮೂಲು. ನಮ್ಮಲ್ಲಿ ತಯಾರಾಗಿದ್ದು ಕೊಳ್ಳುವುದಕ್ಕಿಂತ ಮಾಡಿಕೊಳ್ಳುವುದು ಸುಲಭ. ಫೌಂಡ್ರಿಗಳಲ್ಲಿ ಎರಕದ ಭಾಗಗಳನ್ನು ಉಜ್ಜಲು ಶಾಟ್ ಬ್ಲಾಸ್ಟಿಂಗ್ ಮಾಡುತ್ತಾರೆ. ಅದಕ್ಕೆ ಬಳಸುವ ಸಣ್ಣ ಸ್ಟೀಲ್ ಗುಂಡುಗಳೇ ನಮಗೆ ಬೇಕಾದ್ದು. ಬೆಳಗಾವಿ, ಶಿವಮೊಗ್ಗದವರಿಗೆ ಇದು ಹೊಸದಲ್ಲ. ಬೆಂಗಳೂರಿನವರು ಪೀಣ್ಯದಲ್ಲಿ ವಿಚಾರಿಸಿ. 2 ಎಂಎಂ ಆಸುಪಾಸಿನ ಗುಂಡು ಕೇಳಿ. ಒಮ್ಮೆ ಬಳಸಿ ಬಿಟ್ಟದ್ದು ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ, ಅದರಲ್ಲಿ ಗುಂಡಿಗಿಂತ ಧೂಳೇ ಜಾಸ್ತಿ. ಲೋಹದ ತಗಡಿಗೆ ತೂತು ಹೊಡೆದಾಗ ಉದುರಿ, ಗುಜರಿಯಲ್ಲಿ ಸಿಗುವ ಪಂಚಿಂಗ್ ಬಿಲ್ಲೆಗಳೂ ಬೇಡ. ಅಂಚು ಬ್ಲೇಡಿನ ಹಾಗಿರುತ್ತದೆ, ಎಣ್ಣೆ ಬೇರೆ.

ಮರಳಿಗಿಂತ ಎಷ್ಟೋ ಪಟ್ಟು ದುಬಾರಿ. ಹಾಗಾದರೆ ಯಾಕೆ? ಸಣ್ಣ ಬಾಡಿಗೆ ಮನೆಯ ಬೆಡ್‌ರೂಮಿನಲ್ಲಿ ಮೂರು ಸ್ಟ್ಯಾಂಡ್, ಕ್ಯಾಮೆರಾ, ಇಬ್ಬರು ಕಲಾವಿದರು. ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಊಟದ ಡಬ್ಬಿಯಷ್ಟು ಚೀಲ ಫ್ರೇಮಿನ ಅಂಚಿಗೂ ಬರದೆ ಕೂರುತ್ತದೆ. ಲೈಟನ್ನು ಮುಂದಕ್ಕೆ ಚಾಚಿ ಹಿಡಿಯುವ ಬೂಮ್ ತೋಳಿನ ಹಿಂದಿನ ತುದಿಗೆ ಕಟ್ಟಲೂ ಇದೇ ಸರಿ. ಮರಳಿನ ಚೀಲ ಅಲ್ಲಿ ಜೋತಾಡಿ ಹೋಗಿಬರುವವರ ತಲೆಗೆ ಬಡಿಯುತ್ತದೆ.

ಸ್ಟೀಲಿಗೆ ಶತ್ರು ತೇವ. ಕರಾವಳಿಯಲ್ಲಿ ಹತ್ತು ದಿನ ಇದ್ದು ಬಂದ ಒಂದು ಚೀಲವನ್ನು ಬಿಚ್ಚಿದರೆ ಒಳಗಿನ ಗುಂಡೆಲ್ಲ ಬೆಲ್ಲದ ಅಚ್ಚಿನ ಹಾಗೆ ಅಂಟಿಕೊಂಡಿತ್ತು. ಅದಕ್ಕೂ ಮೊದಲೇ ಅದರಿಂದ ತೊಟ್ಟಿಕ್ಕಿದ ಕಿತ್ತಳೆ ಬಣ್ಣದ ನೀರು ಕಾಸ್ಟ್ಯೂಮಿನವರ ಬಿಳಿ ಪಂಚೆಯನ್ನು ಸೇರಿಯಾಗಿತ್ತು. ಬಿಸಿಲಿಗೆ ಕಾಯಿಸಿ, ಕವರಿನ ಬಾಯಿಯನ್ನು ಹೀಟ್ ಸೀಲ್ ಮಾಡಿಸಿ, ಶೂ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಒಳಗೆ ಹಾಕಿಬಿಡಿ.

ಇನ್ನೊಂದು ಅಪಾಯವನ್ನು ಹೇಳಲೇಬೇಕು. ಚೀಲ ಚಿಕ್ಕದು, ತೂಕ ದೊಡ್ಡದು. ಗೊತ್ತಿಲ್ಲದವನು ಒಂದೇ ಕೈಯಲ್ಲಿ ಜಗ್ಗಿ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳುತ್ತಾನೆ. ಬಿಳಿ ಪೇಂಟಿನಲ್ಲಿ ದೊಡ್ಡದಾಗಿ ಕಿಲೋ ಬರೆಯಿರಿ. ನನ್ನ ಅಂಗಡಿಯ ಯಾವ ಚೀಲವೂ 10 ಕಿಲೋ ದಾಟುವುದಿಲ್ಲ. 15 ಬೇಕು ಅನ್ನುವವರಿಗೆ ಎರಡು ಚೀಲ ಕೊಡುತ್ತೇನೆ.

ಸೀಸ ಯಾಕೆ ಬೇಡ

ತೂಕಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ತುಕ್ಕೂ ಹಿಡಿಯುವುದಿಲ್ಲ. ಬಂದರಿನ ಕಡೆ ಬಲೆಗೆ ಕಟ್ಟುವ ಸೀಸದ ಗುಂಡು ನೋಡಿ ನನಗೂ ಆಸೆ ಹುಟ್ಟಿತ್ತು. ಆದರೆ ಸೀಸ ಮೆತ್ತಗಿನ ಲೋಹ. ಗುಂಡುಗಳು ಒಂದಕ್ಕೊಂದು ಉಜ್ಜಿ ಬೂದು ಪುಡಿ ಬಿಡುತ್ತವೆ. ಅದು ವಿಷ. ಚೀಲ ಎತ್ತಿದ ಕೈಗೆ ಅಂಟುತ್ತದೆ, ಬ್ರೇಕ್ ಅಂದಕೂಡಲೇ ಅದೇ ಕೈ ಅನ್ನ ಸಾರಿಗೆ ಹೋಗುತ್ತದೆ. ನಾವು ಊಟ ಮಾಡುವುದು ಚಮಚದಲ್ಲಲ್ಲ, ಕೈಯಲ್ಲಿ. ಮಕ್ಕಳಿಗಂತೂ ಸ್ವಲ್ಪ ಸೀಸವೂ ಕೆಟ್ಟದ್ದು, ಸೆಟ್ಟಿನಲ್ಲಿ ಬಾಲನಟರೂ ಇರುತ್ತಾರೆ. ಸ್ಟೀಲಿಗಿಂತ ಉಳಿಯುವ ಮುಕ್ಕಾಲು ಲೀಟರ್ ಜಾಗಕ್ಕೆ ಇಷ್ಟೆಲ್ಲ ಯಾಕೆ?

ಉಳಿದವು, ಬೇಗ ಬೇಗ

ನೀರು: ವಿಮಾನದಲ್ಲಿ ಹೋಗುವವರಿಗೆ ಮಡಚುವ ನೀರಿನ ಚೀಲ ಅನುಕೂಲ. ಕುಡಿಯುವ ನೀರಿನ 20 ಲೀಟರ್ ಕ್ಯಾನನ್ನು ಹಗ್ಗದಲ್ಲಿ ಕಟ್ಟಿ ಶಾಮಿಯಾನದ ಕಂಬಕ್ಕೆ ನೇತುಹಾಕುವುದು ಎಲ್ಲರೂ ಮಾಡುವುದೇ. ಲೈಟಿನ ಕೇಬಲ್ ಇರುವ ಕಡೆ ಮಾತ್ರ ಬೇಡ.

ಸಿಮೆಂಟ್: ಮಿಕ್ಕಿದ್ದನ್ನು ನಾನೇ ಒಮ್ಮೆ ತುಂಬಿದ್ದೆ. ಒಂದು ಮಳೆಗೆ ಬಂಡೆಯಾಯಿತು. ಈಗ ಗೋಡೌನಿನ ಬಾಗಿಲಿಗೆ ಅಡ್ಡ ಇಡಲು ಉಪಯೋಗಕ್ಕೆ ಬರುತ್ತಿದೆ.

ಮಣ್ಣು: ಇರುವೆ, ಕಲೆ, ಕೆಸರು.

ಅಕ್ಕಿ, ರಾಗಿ: ಹುಳ, ಇಲಿ. ಅದಕ್ಕಿಂತ ಹೆಚ್ಚಾಗಿ, ಕಾಳು ತುಂಬಿದ ಚೀಲವನ್ನು ನಮ್ಮ ಹುಡುಗರು ಕಾಲಿನಲ್ಲಿ ಸರಿಸುವುದಿಲ್ಲ, ದಾಟುವುದೂ ಇಲ್ಲ. ಹೇಳಿ ಪ್ರಯೋಜನ ಇಲ್ಲ, ನನಗೂ ಮನಸ್ಸು ಬರುವುದಿಲ್ಲ. ಕಬಿನಿ, ಬಂಡೀಪುರದ ಸಫಾರಿ ಜೀಪಿನಲ್ಲಿ ಲೆನ್ಸ್ ಕೆಳಗೆ ಇಡುವ ಬೀನ್ ಬ್ಯಾಗಿನ ವಿಷಯ ಬೇರೆ. ಅಲ್ಲಿ ಭಾರ ಬೇಕಿಲ್ಲ, ಲೆನ್ಸ್ ಅಲುಗದಿದ್ದರೆ ಆಯಿತು. ಅಲ್ಲಿಗೆ ಹೋದಮೇಲೆ ಅಕ್ಕಿಯೋ ಕಾಳೋ ಕೊಂಡು ತುಂಬಿ, ಬರುವಾಗ ಅಡುಗೆಗೆ ಕೊಟ್ಟು ಬರಬಹುದು.

ಹೊಸದಾಗಿ ಶುರು ಮಾಡುವವರಿಗೆ

ಆರು ಸ್ಟ್ಯಾಂಡ್ ಇರುವ ಸಣ್ಣ ಕಿಟ್ಟಿಗೆ ನಾನು ಹೇಳುವುದು ಹತ್ತು ಮರಳಿನ ಚೀಲ, 5 ಕಿಲೋದ ಎರಡು ಸ್ಟೀಲ್, ನಾಲ್ಕು ಖಾಲಿ. ಖಾಲಿಯವು ಡಿಕ್ಕಿಯಲ್ಲಿ ಮಡಚಿಟ್ಟಿರಲಿ. ದರ್ಜಿಗೆ ಜೋಡಿ ಹೊಲಿಗೆ, ನೈಲಾನ್ ದಾರ ಅಂತ ಒತ್ತಿ ಹೇಳಿ. ಸಿಮೆಂಟ್ ಚೀಲದ ಪ್ಲಾಸ್ಟಿಕ್ ನೇಯ್ಗೆ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಯಾಗುತ್ತದೆ, ಅದರಲ್ಲಿ ಹೊಲಿಸಬೇಡಿ. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಎಷ್ಟೋ ವಾಸಿ. ಏನೇ ತುಂಬಿದರೂ ಮುಕ್ಕಾಲು ಭಾಗ ಮಾತ್ರ. ಕಂಠಪೂರ್ತಿ ತುಂಬಿದ ಚೀಲ ಉರುಳುತ್ತದೆಯೇ ಹೊರತು ಇಳಿಬೀಳುವುದಿಲ್ಲ.

ಸಿ-ಸ್ಟ್ಯಾಂಡ್ (ಮೂರು ಕಾಲೂ ಬೇರೆ ಬೇರೆ ಎತ್ತರದಲ್ಲಿರುವ ಸ್ಟ್ಯಾಂಡ್) ಆದರೆ ಎತ್ತರದ ಕಾಲನ್ನು ಭಾರ ಇರುವ ಕಡೆಗೆ ತಿರುಗಿಸಿ, ಚೀಲವನ್ನು ಆ ಕಾಲಿನ ಮೇಲೇ ಹಾಕಿ. ಚೀಲದ ಹೊಟ್ಟೆ ನೆಲಕ್ಕೆ ತಾಗಿದರೆ ಅಷ್ಟು ತೂಕವನ್ನು ನೆಲ ಹೊತ್ತಿತು, ಸ್ಟ್ಯಾಂಡಿಗೆ ಸಿಗಲಿಲ್ಲ ಅಂತ ಅರ್ಥ.

ಗಾಳಿಯ ಲೆಕ್ಕ ಬೇರೆಯೇ. ನಾಲ್ಕಡಿ ಚೌಕದ ಥರ್ಮಾಕೋಲ್ ಎಂಟಡಿ ಎತ್ತರದಲ್ಲಿದೆ ಅನ್ನಿ. ಗಂಟೆಗೆ 18 ಕಿಲೋಮೀಟರ್ ಗಾಳಿ ಅದನ್ನು ಎರಡೂಮುಕ್ಕಾಲು ಕಿಲೋ ತೂಕದಷ್ಟು ತಳ್ಳುತ್ತದೆ. ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ತಳ್ಳುವುದು ಎಂಟಡಿ ಮೇಲೆ, ತಡೆಯುವುದು ಒಂದೂಕಾಲು ಅಡಿಯ ಕಾಲು. ಸ್ಟ್ಯಾಂಡ್ ಮತ್ತು ಚೀಲ ಸೇರಿ ಹದಿನೇಳೂವರೆ ಕಿಲೋಗೂ ಮೇಲೆ ಬೇಕು. ಒಂದು ಚೀಲ ಸಾಲದು, ಎರಡು ಹಾಕಿ. ಗಾಳಿ 36ಕ್ಕೆ ಏರಿದರೆ ತಳ್ಳಾಟ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆಗ 70 ಕಿಲೋ. ಚಿತ್ರದುರ್ಗದ ಗುಡ್ಡದ ಮೇಲೋ ಗದಗಿನ ಕಪ್ಪತಗುಡ್ಡದ ಹತ್ತಿರವೋ, ಗಾಳಿಯಂತ್ರ ತಿರುಗುವ ಜಾಗದಲ್ಲಿ ಶಾಟ್ ಇಟ್ಟರೆ ಒಳಗೆ ಮರಳಿದೆಯೋ ಸ್ಟೀಲ್ ಇದೆಯೋ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಹಗ್ಗ ಕಟ್ಟಿ ಗೂಟ ಹೊಡೆಯಿರಿ, ಒಬ್ಬ ಹುಡುಗ ಸ್ಟ್ಯಾಂಡ್ ಹಿಡಿದೇ ನಿಂತಿರಲಿ. ಕಟ್ ಅಂದಕೂಡಲೇ ಥರ್ಮಾಕೋಲ್ ಇಳಿಸಿ ನೆಲಕ್ಕೆ ಮಲಗಿಸಿ, ಮೇಲೆ ಒಂದು ಮರಳಿನ ಚೀಲ ಹೇರಿ. ಸ್ಟೀಲಿನದು ಬೇಡ, ತಗ್ಗು ಬೀಳುತ್ತದೆ.